ತೋಟಪ್ಪನ ಜೀಪಿನ ಕಲ್ಲು

ಇಳಿಜಾರಿನಲ್ಲಿ ಜೀಪು ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ತೋಟಪ್ಪ ಟೀ ಕುಡಿಯಲು ಹೋದ. ಕಲ್ಯಾಣದುರ್ಗದಲ್ಲಿ ಅವನ ಬೆಳಗು ಶುರುವಾಗುತ್ತಿದ್ದದ್ದೇ ಹಾಗೆ. ಜೀಪಿನ ಸೆಲ್ಫ್ ಕೆಟ್ಟು ಬಹಳ ಕಾಲವಾಗಿತ್ತು. ಇಳಿಜಾರಿನಲ್ಲಿ ಉರುಳಿದರಷ್ಟೇ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಹ್ಯಾಂಡ್‌ಬ್ರೇಕು ಅದಕ್ಕೂ ಮೊದಲೇ ಹೋಗಿತ್ತು. ಸೀಟು ತುಂಬಿ ತೋಟಪ್ಪ ಸ್ಟೇರಿಂಗ್ ಹಿಡಿದ ಮೇಲೆ, ಕೊನೆಗೆ ಬಂದವರು ಕಲ್ಲನ್ನು ಒದ್ದು ತೆಗೆದು, ಎತ್ತಿಕೊಂಡು ಹತ್ತಬೇಕು. ಶೇಂಗಾ ಹಳ್ಳಿಗಳ ಅವನ ಪ್ರಯಾಣಿಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2005ರ ಶ್ರಾವಣದ ಆ ಬೆಳಿಗ್ಗೆ ಕೊನೆಗೆ ಬಂದವನು ಗಾರೆ ಕೆಲಸದ ಆಂಜನೇಯ. ಮುಂದಿನ ಸೀಟಿನಲ್ಲಿ ಆಗಲೇ ಮೂವರು ಒತ್ತಿಕೊಂಡು ಕೂತಿದ್ದರು. ಅವರಲ್ಲೊಬ್ಬನ ಕೈ ಸ್ಟೇರಿಂಗ್ ಮೇಲಿತ್ತು. ಅದನ್ನಷ್ಟೇ ಕಂಡ ಆಂಜನೇಯ, ತೋಟಪ್ಪ ಬಂದಿದ್ದಾನೆಂದು ತಿಳಿದು ಕಲ್ಲು ತೆಗೆದುಬಿಟ್ಟ.

ಟೀ ಲೋಟ ಬಿಸಾಕಿ ತೋಟಪ್ಪ ಓಡುವಷ್ಟರಲ್ಲಿ ಜೀಪು ಇಳಿಜಾರಿನ ಕೊನೆ ಮುಟ್ಟಿ, ಮಿಲ್ಲಿನವರು ಸುರಿದಿದ್ದ ಶೇಂಗಾ ಹೊಟ್ಟಿನ ರಾಶಿಯೊಳಗೆ ಬಾನೆಟ್‌ವರೆಗೆ ಹೂತು ನಿಂತಿತ್ತು. ಒಬ್ಬೊಬ್ಬರಾಗಿ ಹೊಟ್ಟು ಕೊಡವಿಕೊಂಡು ಇಳಿದರು. ಹಿಂಬದಿಯ ಅಂಚಿನಲ್ಲಿ ಕೂತಿದ್ದ ಹೂವು ಮಾರುವ ಚೌಡಕ್ಕ ಮಾತ್ರ ಕೆಳಗೆ ಬಿದ್ದಿದ್ದಳು. ಬಲಗೈ ಮೈಯಡಿ ಸಿಕ್ಕಿತ್ತು.

"ಆ ತಾಯೇ ಇಲ್ಲಿ ಹೊಟ್ಟು ಹಾಕ್ಸವ್ಳೆ ಕಣಪ್ಪ, ಇಲ್ದಿದ್ರೆ ಎಲ್ರೂ ಹೋಗ್ಬುಡ್ತಿದ್ವಿ," ಎಂದು ಯಾರೋ ಊರಮ್ಮನ ಗುಡಿಯ ಕಡೆಗೆ ಕೈ ಮುಗಿದರು.

"ಹೊಟ್ಟು ಹಾಕಿದ್ದು ಮಿಲ್‌ನೋರು," ಎಂದ ತೋಟಪ್ಪ.

ಆಂಜನೇಯ ಅಳುತ್ತಿದ್ದ. "ನನ್ ಕೈಯಾರೆ ಆಗೋಯ್ತಲ್ಲಣ್ಣ."

"ಕಲ್ಲು ತೆಗಿಯೋ ಕೆಲ್ಸ ನಿಂಗೆ ಕೊಟ್ಟೋನು ಯಾರ್ಲಾ? ನಾನು. ಸುಮ್ಕಿರು."

ಚೌಡಕ್ಕನನ್ನು ಹಿಂದೂಪುರದಲ್ಲಿದ್ದ ಅವಳ ಮಗಳು ಕೃಷ್ಣವೇಣಿಯ ಮನೆಗೆ ಕರೆದೊಯ್ದರು. ಅಲ್ಲಿನ ಮೂಳೆ ಡಾಕ್ಟರು ಮುರಿದ ಕೈಗೆ ಪ್ಲಾಸ್ಟರ್ ಕಟ್ಟು ಹಾಕಿ, ಬೆರಳು ಮಡಚುತ್ತದೋ ಇಲ್ಲವೋ ಕಟ್ಟು ಬಿಚ್ಚಿದ ಮೇಲೆ ನೋಡೋಣ ಎಂದರು. ಬೆರಳು ಮಡಚದಿದ್ದರೆ ಹೂವು ಕಟ್ಟುವಂತಿಲ್ಲ. ಚೌಡಕ್ಕನಿಗೆ ಗೊತ್ತಿದ್ದ ಕೆಲಸ ಅದೊಂದೇ.

ತೋಟಪ್ಪ ಜೀಪನ್ನು ಮನೆ ಹಿಂದೆ ನಿಲ್ಲಿಸಿ ಲಾರಿಗೆ ಮೂಟೆ ತುಂಬುವ ಕೂಲಿಗೆ ಹೋಗತೊಡಗಿದ. "ಅವಳ ಗ್ರಹಚಾರ, ನೀನೇನು ಮಾಡ್ತೀಯ?" ಎಂದು ನೆಂಟರು ಸಮಾಧಾನ ಹೇಳಿದರು. ಆ ಮಾತು ಕೇಳಿದಾಗೆಲ್ಲ ಅವನು ಎದ್ದು ಹೋಗುತ್ತಿದ್ದ.

ಕಟ್ಟು ಬಿಚ್ಚಿದ ದಿನ ಅವನು ಹಿಂದೂಪುರದ ಬಸ್ಸು ಹತ್ತಿದ. ಬಾಗಿಲಲ್ಲಿ ನಿಂತವನನ್ನು ಕೃಷ್ಣವೇಣಿ ಒಳಗೆ ಕರೆಯಲಿಲ್ಲ. ಕರೆದವಳು ಚೌಡಕ್ಕನೇ.

"ಬಸ್ಸಲ್ಲಿ ಬಂದ್ಯಾ? ಒಳ್ಳೇದಾಯ್ತು ಬಿಡು. ನಿನ್ ಜೀಪಲ್ಲಿ ಬಂದಿದ್ರೆ ದಾರಿ ಉದ್ದಕ್ಕೂ ಹೊಟ್ಟು ಸುರೀಬೇಕಿತ್ತು."

ತೋಟಪ್ಪ ನಗಲಿಲ್ಲ. "ಬೆರಳು, ಅಕ್ಕಾ?"

ಅವಳು ಮೊರದಿಂದ ಕನಕಾಂಬರ ತೆಗೆದುಕೊಂಡಳು. ಬೆರಳುಗಳು ಊದಿಕೊಂಡು ಬಿಳಿಚಿದ್ದವು. ಮೊದಲ ಗಂಟು ಜಾರಿತು. ದಾರವನ್ನು ನೀರಲ್ಲಿ ಅದ್ದಿ ಮತ್ತೆ ಸುತ್ತಿದಳು, ನಿಂತಿತು. ಒಂದು ಗೇಣು ಕಟ್ಟಿ ಅವನ ಮುಂದೆ ಚಾಚಿದಳು.

"ಬಿಗಿ ಐತೇನೋ ಎಳ್ದು ನೋಡು."

ಎಳೆದ. ಒಂದು ಹೂವೂ ಉದುರಲಿಲ್ಲ. ತೋಟಪ್ಪ ಹೊಸ್ತಿಲ ಮೇಲೇ ಕೂತ. ಕುಡಿಯಲು ನೀರು ಕೇಳಿದ. ಈ ಸಲ ಕೃಷ್ಣವೇಣಿ ಚೊಂಬು ತಂದುಕೊಟ್ಟಳು.

"ನನ್ ಹಣೇಲಿ ಬರ್ದಿತ್ತು ಕಣಪ್ಪ," ಎಂದಳು ಚೌಡಕ್ಕ.

"ನಿನ್ ಹಣೇಲಿ ಏನ್ ಬರ್ದೈತೋ ನಂಗೊತ್ತಿಲ್ಲಕ್ಕ. ಬ್ರೇಕು ಮಾಡ್ಸೋದು ನನ್ ಕೈಲೇ ಇತ್ತು."

"ಆಯ್ತು, ಮಾಡ್ಸು ಹೋಗು. ಬೆರಳು ಪಳಗಿದ್ಮೇಲೆ ಬತ್ತೀನಿ. ಮುಂದಿನ ಸೀಟು ನಂದು, ಬೇರೇರಿಗೆ ಕೊಟ್ಟೀಯ!"

ಜೀಪಿಗೆ ಸೆಲ್ಫು, ಹ್ಯಾಂಡ್‌ಬ್ರೇಕು ಎರಡೂ ಬಂದಿವೆ. ಈಗ ಅದು ಕಲ್ಯಾಣದುರ್ಗದಲ್ಲಿ ಸಮತಟ್ಟು ಜಾಗದಲ್ಲಿ ನಿಲ್ಲುತ್ತದೆ. ಕಲ್ಲು ಇನ್ನೂ ಇದೆ. ಚಕ್ರಕ್ಕೆ ಕೊಡುವವನೂ ತೆಗೆಯುವವನೂ ತೋಟಪ್ಪನೇ.