ಟೈಲರಮ್ಮನ ರಾಣಿ ಗೂಡುಗಳು

ಬೆಳಗಿನ ಆರು ಗಂಟೆ. ಮಹಡಿಯ ಮೇಲೆ ಜೇನುಪೆಟ್ಟಿಗೆಯ ಮುಂದೆ ಟೈಲರಮ್ಮ ಕೈಕಟ್ಟಿ ನಿಂತಿದ್ದಾರೆ. ಮುಚ್ಚಳ ತೆಗೆಯಲು ಧೈರ್ಯ ಸಾಲುತ್ತಿಲ್ಲ. "ತೆಗೀರಮ್ಮಾ" ಅಂದರೆ, "ಸುಮ್ನಿರಪ್ಪ, ನಿಂಗೇನು ಗೊತ್ತು ನನ್ನ ಸಂಕಟ!" ಎಂದು ನನ್ನನ್ನೇ ಗದರುತ್ತಾರೆ.

ಹಗಲೆಲ್ಲ ಹೊಲಿಗೆ, ಬೆಳಗ್ಗೆ ಸಂಜೆ ಜೇನು. ಇಪ್ಪತ್ತೆರಡು ವರ್ಷದಿಂದ ಇವರದು ಇದೇ ದಿನಚರಿ. ಸುತ್ತಮುತ್ತ ಯಾರ ಪೆಟ್ಟಿಗೆಯಲ್ಲಿ ರಾಣಿ ಸತ್ತರೂ ಹೊಸ ರಾಣಿಗಾಗಿ ಓಡಿಬರುವುದು ಈ ಮನೆಗೇ. ರಾಣಿಯಿಲ್ಲದ ಜೇನಿಗೆ ಹೆಚ್ಚು ದಿನ ಉಳಿಗಾಲವಿಲ್ಲ. ಆದರೆ ತುಪ್ಪ ನೆಕ್ಕುವ ನಾವು ರಾಣಿ ಬೆಳೆಸಿದವರನ್ನು ಎಂದಾದರೂ ನೆನೆದಿದ್ದೇವೆಯೇ? ನಾನಂತೂ ಇಲ್ಲ.

ಕೇಳಲು ಸುಲಭದ ಕೆಲಸ. ಒಂದು ದಿನವೂ ತುಂಬದ ಮರಿಹುಳುಗಳನ್ನು ಸಣ್ಣ ಕುಂಚದ ತುದಿಯಲ್ಲಿ ಎತ್ತಿ ಮೇಣದ ಬಟ್ಟಲುಗಳಿಗೆ ಇಳಿಸಬೇಕು. ಬಟ್ಟಲುಗಳನ್ನು ರಾಣಿಯಿಲ್ಲದ ಪೆಟ್ಟಿಗೆಯಲ್ಲಿಟ್ಟರೆ ಅಲ್ಲಿನ ಜೇನುಗಳೇ ಒಂದೊಂದು ಬಟ್ಟಲನ್ನೂ ಮೇಣದ ಗೂಡಾಗಿ ಬೆಳೆಸಿ, ಒಳಗಿನ ಹುಳುವನ್ನು ರಾಣಿಯಾಗಿ ಸಾಕುತ್ತವೆ. ಹತ್ತನೇ ದಿನ ಒಂದೊಂದು ಗೂಡನ್ನೂ ಒಂದೊಂದು ಪುಟ್ಟ ಪೆಟ್ಟಿಗೆಗೆ ಸೇರಿಸಬೇಕು. ಒಂದೇ ಒಂದು ಹುಳು ಒಂದು ದಿನ ದೊಡ್ಡದಿದ್ದರೂ ಕೆಟ್ಟಿತು! ಅದು ಮೊದಲೇ ಹೊರಬಂದು ಉಳಿದ ರಾಣಿಯರನ್ನೆಲ್ಲ ಗೂಡಿನಲ್ಲೇ ಕೊಂದುಹಾಕುತ್ತದೆ.

ಹೋದ ಸಲ ಆಗಿದ್ದು ಅದೇ. "ಕಣ್ಣಿಗೆ ಪೊರೆ ಬಂದಿತ್ತು. ಪಳಗಿದ ಕೈ, ಅದಕ್ಕೇ ಗೊತ್ತಾಗುತ್ತೆ ಅಂದ್ಕೊಂಡೆ. ಕೊಬ್ಬು, ಇನ್ನೇನು!" ಅನ್ನುತ್ತಾರೆ. ಆಪರೇಷನ್ ಆದಮೇಲೆ ಹುಳು ಎತ್ತಿದ್ದು ಇದೇ ಮೊದಲು, ಇವತ್ತಿಗೆ ಹತ್ತನೇ ದಿನ. ಈ ಸಲವೂ ತಪ್ಪಿದರೆ ಕುಂಚ ಮುಟ್ಟುವುದಿಲ್ಲವೆಂದು ಮನೆಯಲ್ಲಿ ಹೇಳಿಬಿಟ್ಟಿದ್ದಾರೆ.

ಅವರ ಯಜಮಾನರು ಆಗಲೇ ಹದಿನಾಲ್ಕು ಪುಟ್ಟ ಪೆಟ್ಟಿಗೆ ಸಜ್ಜು ಮಾಡಿದ್ದಾರೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿ. ಬಾಗಿಲು ಕಿರುಬೆರಳು ತೂರುವಷ್ಟೇ. "ಒಳಗಿರೋದು ಒಂದು ಹಿಡಿ ಜೇನು. ಬಾಗಿಲು ದೊಡ್ಡದಾದ್ರೆ ಬೇರೆ ಪೆಟ್ಟಿಗೆಯವು ನುಗ್ಗಿ ತುಪ್ಪ ಲೂಟಿ ಹೊಡೀತವೆ" ಎಂದು ನನಗೆ ಪಾಠ ಶುರುಮಾಡುತ್ತಾರೆ.

"ನಿಮ್ಮ ಬಾಯಿಗೂ ಅಷ್ಟೇ ಬಾಗಿಲು ಇಟ್ಟಿದ್ರೆ ಚೆನ್ನಾಗಿತ್ತು," ಅನ್ನುತ್ತಾ ಟೈಲರಮ್ಮ ಕೊನೆಗೂ ಮುಚ್ಚಳ ತೆಗೆಯುತ್ತಾರೆ. ಗೂಡುಗಳು ನೇತಾಡುವ ಚೌಕಟ್ಟನ್ನು ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದು ಎಣಿಸುತ್ತಾರೆ. ಯಜಮಾನರೂ ಪಕ್ಕಕ್ಕೆ ಬಂದು ಬಗ್ಗಿ ನೋಡುತ್ತಾರೆ. ಒಂದು ಗೂಡೂ ಒಡೆದಿಲ್ಲ. ಹದಿನಾಲ್ಕಕ್ಕೆ ಹದಿನಾಲ್ಕೂ ಭದ್ರ!

ಗೂಡುಗಳನ್ನೆಲ್ಲ ಅಲುಗಿಸದಂತೆ ಪುಟ್ಟ ಪೆಟ್ಟಿಗೆಗಳಿಗೆ ಸೇರಿಸಿದ ಮೇಲೆಯೇ ಅವರು ಕೂರುವುದು.

"ಆಸ್ಪತ್ರೇಲಿ ಬೋರ್ಡ್ ಓದಿಸಿದ್ರು ಕಣಪ್ಪ. ಕೊನೇ ಸಾಲಿನವರೆಗೂ ಓದಿದೆ. ಕಣ್ಣು ಸರಿಹೋಯ್ತು ಅಂದ್ರು ಡಾಕ್ಟರು. ನಾನು ನಂಬಿರಲಿಲ್ಲ," ಎಂದು ಸೆರಗಿನಿಂದ ಆ ಕಣ್ಣುಗಳನ್ನೇ ಒರೆಸಿಕೊಳ್ಳುತ್ತಾರೆ. "ಇವತ್ತು ನಂಬಿದೆ."