ಡಬ್ಬಿಯಲ್ಲಿ ಬಂದ ಸಕ್ಕರೆ

ಅವರ ಬಲಗೈಯ ಎರಡು ಬೆರಳುಗಳು ಫಿನಾಯಿಲಿನಲ್ಲಿ ನೆಂದು ನೆಂದು ಬಿರುಕು ಬಿಟ್ಟಿದ್ದವು. ಯಾರ ಜೊತೆ ಮಾತಿಗೆ ನಿಂತರೂ ಆ ಬೆರಳುಗಳು ಎದುರಿನವರ ಮಣಿಕಟ್ಟಿನ ಮೇಲೆ ಹೋಗಿ ಕೂರುತ್ತಿದ್ದವು. ಆಸ್ಪತ್ರೆಯ ವಾರ್ಡಿನಲ್ಲಿ ಆಯಾ ಆಗಿದ್ದು, ರಿಟೈರಾದ ಮೇಲೆ ಪುಟ್ಟೇನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಗೆ ಬಂದವರು. ಬೀದಿಗೆಲ್ಲ ಆಯಮ್ಮ. “ಬಾಯಿ ಸುಳ್ಳು ಹೇಳ್ಬೋದು, ನಾಡಿ ಹೇಳಲ್ಲ,” ಅನ್ನುತ್ತಿದ್ದರು.

ನನ್ನ ಸೊಸೆಗೆ ಇದ್ದಕ್ಕಿದ್ದಂತೆ ಎದೆ ಓಡುತ್ತಿತ್ತು. ಕುತ್ತಿಗೆಯ ನರ ಹಾರುವುದು ಕಣ್ಣಿಗೇ ಕಾಣುತ್ತಿತ್ತು. ನಾನು ಮೂರನೇ ಕ್ಲಾಸು ಓದಿದವಳು. ದೃಷ್ಟಿ ಅಂದುಕೊಂಡು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಿದ್ದೆ. ಆಮೇಲೆ ಮುಖ ತೊಳೆಸಿ, ಒಳ್ಳೆ ಸೀರೆ ಉಡಿಸಿ ಆಸ್ಪತ್ರೆಗೆ ಹೊರಡಿಸುತ್ತಿದ್ದೆ. ಅಷ್ಟರಲ್ಲಿ ಎದೆ ತಣ್ಣಗಾಗಿರುತ್ತಿತ್ತು. ಇಸಿಜಿಯಲ್ಲಿ ಏನೂ ಬರುತ್ತಿರಲಿಲ್ಲ. ಮೂರನೇ ಸಲವೂ ಹಾಗಾದಾಗ, ಅವಳಿಗೆ ಕೇಳುವ ಹಾಗೆಯೇ ಆಯಮ್ಮನ ಹತ್ತಿರ ಅಂದೆ: “ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ.” ಬರೆಯುವುದಕ್ಕೂ ಈಗ ನಾಚಿಕೆಯಾಗುತ್ತದೆ.

ಮುಂದಿನ ಸಲ ಎದೆ ಓಡಿದಾಗ ನಾನು ಉಪ್ಪು ಹುಡುಕುತ್ತಿದ್ದೆ. ಆಯಮ್ಮ ಒಳಗೆ ಬಂದು ಸೊಸೆಯ ಕೈ ಹಿಡಿದರು, ಗಡಿಯಾರ ನೋಡಿದರು, ಹೊರಗೆ ಹೋಗಿ ಆಟೋ ನಿಲ್ಲಿಸಿದರು.

“ನೈಟೀಲಿ ಹೆಂಗೆ ಕರ್ಕೊಂಡು ಹೋಗೋದು? ಸೀರೆ ಉಟ್ಕೊಳ್ಳಲಿ,” ಅಂದೆ.

“ಕಳ್ಳ ಓಡ್ಹೋದ್ಮೇಲೆ ಪೊಲೀಸ್ನೋರು ಬಂದು ಏನ್ ಮಾಡ್ತಾರಮ್ಮ? ಓಡ್ತಿರುವಾಗ್ಲೇ ಹಿಡೀಬೇಕು. ಹತ್ತಿ.”

ಅವತ್ತು ಇಸಿಜಿಯಲ್ಲಿ ಸಿಕ್ಕಿತು. ಎದೆಯಲ್ಲಿ ಬಡಿತ ಓಡಾಡಲು ಹುಟ್ಟಿನಿಂದಲೇ ಒಂದು ದಾರಿ ಹೆಚ್ಚಿಗೆ ಇದೆ ಎಂದರು ಡಾಕ್ಟರು. ತೊಡೆಯ ನರದಿಂದ ತಂತಿ ಕಳಿಸಿ ಆ ಹೆಚ್ಚಿನ ದಾರಿಯನ್ನು ಸುಟ್ಟರು. ಆಮೇಲೆ ಎದೆ ಹಾಗೆ ಓಡಲಿಲ್ಲ.

ಮರುವರ್ಷ ಸೊಸೆಯ ಸೀಮಂತ. ಬೀದಿಯನ್ನೆಲ್ಲ ಕರೆದೆ, ಆಯಮ್ಮನನ್ನು ಕರೆಯಲಿಲ್ಲ. ಗಂಡ ತೀರಿಕೊಂಡವರು, ಬಂದ ಮುತ್ತೈದೆಯರು ಏನಂದಾರೋ ಅನ್ನುವ ಭಯ. ಸೊಸೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸೀಮಂತದ ಸಂಜೆ ಸ್ಟೀಲ್ ಡಬ್ಬಿಯಲ್ಲಿ ಹೋಳಿಗೆ ತುಂಬಿ ಕಾಂಪೌಂಡಿನ ಮೇಲಿಂದ ಕೊಟ್ಟೆ. ಅವರ ಬೆರಳುಗಳು ನನ್ನ ಮಣಿಕಟ್ಟಿಗೆ ಬಂದವು.

“ಇವತ್ತು ನಿಮ್ದು ಓಡ್ತಾ ಇದೆಯಲ್ಲಮ್ಮ,” ಎಂದು ನಕ್ಕರು. “ಹೋಗಿ ನೀರು ಕುಡೀರಿ.”

ಮಾರನೆಯ ದಿನ ಡಬ್ಬಿ ವಾಪಸು ಬಂತು. ಖಾಲಿ ಕೊಡಬಾರದೆಂದು ಸಕ್ಕರೆ ತುಂಬಿದ್ದರು. ಮಗು ಹುಟ್ಟಿದ ದಿನ ಹೋಗಿ ತಪ್ಪಾಯಿತು ಅನ್ನೋಣ ಅಂದುಕೊಂಡೆ. ಅದಕ್ಕೆ ಹತ್ತು ದಿನ ಮುಂಚೆ ಆಯಮ್ಮ ತೀರಿಹೋದರು.

ಈಗ ಮೊಮ್ಮಗಳು ನನ್ನ ಮಡಿಲಲ್ಲಿದ್ದಾಳೆ. ಅವಳು ಬೊಚ್ಚುಬಾಯಿ ಬಿಟ್ಟು ನಕ್ಕರೆ ಆ ಸಂತೋಷಕ್ಕೆ ಮನೆ ಸಾಲುವುದಿಲ್ಲ, ಬೀದಿಗೆಲ್ಲ ಹೇಳಿಬರಲು ಹೊರಡುತ್ತೇನೆ. ಪಕ್ಕದ ಮನೆಯ ಬೀಗ ಕಂಡರೆ ಕಾಲು ನಿಲ್ಲುತ್ತದೆ.

ನಾಮಕರಣದ ಪಾಯಸಕ್ಕೆ, ಬಳಸದೆ ಎತ್ತಿಟ್ಟಿದ್ದ ಆ ಸಕ್ಕರೆಯನ್ನೇ ಹಾಕಿದೆ. ಅದೇ ಮುತ್ತೈದೆಯರು ಸಾಲಾಗಿ ಕೂತಿದ್ದರು. “ಇದು ಆಯಮ್ಮ ಕೊಟ್ಟ ಸಕ್ಕರೆ,” ಎಂದು ಎಲ್ಲರ ಎದುರಿಗೆ ಹೇಳಿದೆ. ಯಾರೂ ಏನೂ ಅನ್ನಲಿಲ್ಲ. ಇನ್ನೊಂದು ಲೋಟ ಹಾಕಿಸಿಕೊಂಡರು.