ಕಪಾಟಿನಲ್ಲಿದ್ದ ಅಜ್ಜಿಯ ದನಿ

ನೆನೆದರೆ ಈಗಲೂ ಮೈಯುರಿಯುತ್ತದೆ. ನಮ್ಮ ಗ್ರಂಥಾಲಯದ ಅಷ್ಟೂ ಕಪಾಟುಗಳ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳಿಗೆ ಒಂದೇ ಒಂದು ಕಪಾಟು ತೆರೆಯುವ ಹಕ್ಕಿರಲಿಲ್ಲ. ಅದರೊಳಗಿದ್ದದ್ದು ಅವಳ ಅಜ್ಜಿಯ ದನಿ.

ಬೈಂಡಿಂಗ್ ಕೋಣೆಯಲ್ಲಿ ಅಂಟು ಕಲಸುವ ನಾನು ಅವಳನ್ನು ಬೀಗದಕ್ಕ ಅಂತಲೇ ಕರೆಯುತ್ತಿದ್ದೆ. ಕಾಡಿನ ಜನರಲ್ಲಿ ಮೊದಲು ಅಕ್ಷರ ಕಲಿತವಳು. ಕಸ ಗುಡಿಸಲು ಬಂದು, ಪರೀಕ್ಷೆ ಪಾಸು ಮಾಡಿ ಗ್ರಂಥಪಾಲಕಿಯಾದಳು. ಭಾನುವಾರ ಬಂತೆಂದರೆ ತನ್ನವರ ಕೇರಿಗೆ ಪುಸ್ತಕ ಹೊತ್ತು, ಅವ್ವನಿಂದ ಹಿಡಿದು ಎಲ್ಲರಿಗೂ ಅಕ್ಷರ ಕಲಿಸುತ್ತಿದ್ದಳು. ಅವರ ಮಾತಿನಲ್ಲಿ ಒಂದು ಪುಸ್ತಕವೂ ಇರಲಿಲ್ಲ. ತಾನೇ ಬರೆದು ನನ್ನ ಕೈಲಿ ಹೊಲಿಸಿದಳು.

ಹಿಂದೆಂದೋ ಪಂಡಿತನೊಬ್ಬ ಅವಳಜ್ಜಿಯ ಹಾಡನ್ನು ಟೇಪಿಗೆ ತುಂಬಿ ಗ್ರಂಥಾಲಯಕ್ಕೆ ಕೊಟ್ಟಿದ್ದ. ಚೀಟಿಯಲ್ಲಿ ಅಜ್ಜಿಯ ಹೆಸರು, ಕೆಳಗೆ ‘ಜೋಗುಳ. ಸಂಶೋಧಕರಿಗೆ ಮಾತ್ರ.’ ಬೀಗದಕ್ಕನ ಅವ್ವನಿಗೆ ಕಿವಿ ಮಂದವಾಗುತ್ತಿತ್ತು.

“ಪೂರ್ತಿ ಕಿವುಡಿ ಆಗೋದ್ರೊಳಗೆ ನಮ್ಮವ್ವನ ದನಿ ಒಂದ್ಸಲ ಕೇಳ್ಸೇ,” ಅನ್ನುತ್ತಿದ್ದಳು.

ಮೂರು ವರ್ಷ, ಮೂರು ಅರ್ಜಿ. ಪ್ರತಿ ಸಲವೂ ನಮ್ಮ ಮೇಲಿನ ಸಾಹೇಬರದು ಒಂದೇ ಮಾತು: “ನೀವು ಸಂಶೋಧಕರಲ್ವಲ್ಲಮ್ಮ.” ಮೊಮ್ಮಗಳು ಹೌದಲ್ಲ ಸ್ವಾಮಿ! ದೇವರು ಕೊಟ್ಟರೂ ಪೂಜಾರಿ ಕೊಡ.

ನಾಲ್ಕನೆಯ ಸಲ ಅವಳು ಅರ್ಜಿ ಬರೆಯಲಿಲ್ಲ. ಅವ್ವನನ್ನು ಕರೆತಂದು, ಸಾಹೇಬರ ಕಣ್ಣೆದುರಿಗೇ ಬೀಗ ತೆಗೆದು ಟೇಪು ಹಾಕಿದಳು.

ಎಲ್ಲೋ ಒಂದು ಕೂಸಿನ ಅಳು. ಅಜ್ಜಿ ಎರಡು ಸಾಲು ಹಾಡಿ, ನಡುವೆ ಯಾರನ್ನೋ ಗದರಿ, ಮತ್ತೆ ಹಾಡಿದಳು. ಯಂತ್ರಕ್ಕೆ ಕಿವಿಯೊತ್ತಿ ಕೂತಿದ್ದ ಅವ್ವ ಬಿಕ್ಕತೊಡಗಿದಳು.

“ಅಳ್ತಿರೋ ಕೂಸು ನಾನೇ ಕಣೇ. ನಮ್ಮಪ್ಪನ ಹೆಣ ಮುಂದಿಟ್ಕೊಂಡು ಹಾಡ್ತಿದಾಳೆ. ‘ಇದು ಹೊರಗಿನೋರಿಗಲ್ಲ, ಆ ಯಂತ್ರ ನಿಲ್ಸಪ್ಪಾ’ ಅಂತಿದಾಳೆ. ಈ ಹಾಡು ಅರ್ಧಕ್ಕೆ ಬಿಡೋ ಹಾಗಿಲ್ಲ, ಅದಕ್ಕೇ ಮುಂದುವರ್ಸಿದಾಳೆ. ಅವನು ನಿಲ್ಲಿಸ್ಲೇ ಇಲ್ಲ.”

ಜೋಗುಳವಂತೆ ಜೋಗುಳ! ಕೂಸು ಅತ್ತದ್ದು ಕೇಳಿ ಯಾರೋ ಮಹಾನುಭಾವ ಬರೆದಿದ್ದ. ಬಂದ ಸಂಶೋಧಕರಲ್ಲಿ ಒಬ್ಬನಿಗೂ ಆ ಜನರ ಮಾತು ತಿಳಿದಿರಲಿಲ್ಲ.

ಬೀಗದಕ್ಕ ಚೀಟಿ ಕಿತ್ತೆಸೆದು ಬೇರೆ ಅಂಟಿಸಿದಳು: ‘ಸಾವಿನ ಹಾಡು. ಮನೆಯವರು ಒಪ್ಪಿದರೆ ಮಾತ್ರ.’ ಅಂಟು ನನ್ನದೇ, ಗಟ್ಟಿಯಾಗಿಯೇ ಕಲಸಿದ್ದೆ. ಮೆಮೊ ಬಂತು, ಬಡ್ತಿ ನಿಂತಿತು. ನಿವೃತ್ತಿಯವರೆಗೂ ಅದೇ ಕುರ್ಚಿ. ಆದರೆ ಆ ಚೀಟಿ ಕೀಳುವ ಧೈರ್ಯ ಯಾರಿಗೂ ಬರಲಿಲ್ಲ.

ಮೊನ್ನೆ ಆ ಟೇಪು ಕೇಳಬೇಕೆಂದು ದೊಡ್ಡ ಸಂಶೋಧಕನೊಬ್ಬನ ಅರ್ಜಿ ಬಂತು. ನಾನೇ ಅವರ ಮನೆಗೆ ಒಯ್ದೆ. ಅವ್ವ ಈಗ ಪೂರ್ತಿ ಕಿವುಡಿ. ಬೀಗದಕ್ಕ ತಮ್ಮ ಮಾತಿನಲ್ಲಿ ದಪ್ಪಕ್ಷರದಲ್ಲಿ ಬರೆದು ತೋರಿಸಿದಳು. ಮುದುಕಿ ನಿಧಾನವಾಗಿ ಓದಿ ನನ್ನ ಮುಖ ನೋಡಿದಳು.

“ಅವನು ನಮ್ಮನೆ ಮೊಮ್ಮಗ ಅಲ್ವಲ್ಲಪ್ಪ.”